ಪ್ಲಾಟ್‌ಫಾರ್ಮಿನಲ್ಲಿ ಮೊದಲು ಸಿಗುವವರು

ಮೆಜೆಸ್ಟಿಕ್ ರೈಲ್ವೆ ಸ್ಟೇಷನ್ನಿನಲ್ಲಿ ಹುಬ್ಬಳ್ಳಿ ಗಾಡಿಗೆ ಕಾಯ್ತಿದ್ದೆ. ಒಬ್ಬ ಹುಡುಗ, ಹನ್ನೆರಡು ವರ್ಷ ಇರಬಹುದು, ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಒಳಗೆ ಒಂದೇ ಅಂಗಿ. ಮಕ್ಕಳ ಸಹಾಯ ಕೇಂದ್ರದ ಹೆಣ್ಣುಮಗಳು ಬಂದು ಮೊದಲು ಕೇಳಿದ್ದು, "ಊಟ ಆಯ್ತೇನೋ?" ಊರು, ಅಪ್ಪನ ಹೆಸರು ಎಲ್ಲ ಆಮೇಲೆ.

ಬೋಸ್ಕೋ ನೆನಪಾಯಿತು. ಬೆಂಗಳೂರು ಓಣಿಯವರ ಸೇವಾ ಕೂಟ. 1980ರಲ್ಲಿ ಸಲೇಶಿಯನ್ ಅನ್ನೋ ಕ್ಯಾಥೊಲಿಕ್ ಸಭೆಯ ಪಾದ್ರಿಗಳಾಗಲು ಓದುತ್ತಿದ್ದ ಕೆಲವರು ಬೀದಿ ಹುಡುಗರ ಹತ್ತಿರ ಹೋಗಿ ಸುಮ್ಮನೆ ಮಾತಾಡಲು ಶುರು ಮಾಡಿದ್ದು. ಈಗ ಚಾಮರಾಜಪೇಟೆಯ ಬೋಸ್ಕೋ ಮನೆ ಸೇರಿ ನಗರದಲ್ಲಿ ಹಲವು ಕೇಂದ್ರಗಳಿವೆ.

ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು ಅನ್ನುತ್ತದೆ ಕಾನೂನು. ಸರಿಯೇ. ಆದರೆ ಅದಕ್ಕೂ ಮುಂಚೆ, "ಬಾ, ಹೋಟೆಲಲ್ಲಿ ಕೆಲಸ ಕೊಡಿಸ್ತೀನಿ" ಅನ್ನೋನು ಸಿಗಬಾರದಲ್ಲ? ಅಪ್ಪ ಹೊಡೆದ ಅಂತಲೋ, ಫೇಲಾದೆ ಅಂತಲೋ ರೈಲು ಹತ್ತಿದವನಿಗೆ ಊಟ ಆಯ್ತಾ ಅನ್ನೋರು, ಕೆಲಸ ಕೊಡಿಸ್ತೀನಿ ಅನ್ನೋನು, ಇಬ್ಬರೂ ಅಪರಿಚಿತರೇ.

ಇಂಥ ಸಂಸ್ಥೆ ಬೆಳೆಯಿತು ಅಂದರೆ ಖುಷಿಪಡಬೇಕೋ ಬೇಡವೋ ಗೊತ್ತಾಗಲ್ಲ ನನಗೆ. ಹುಡುಗ ಮಾತ್ರ ಚಿತ್ರಾನ್ನ ತಿನ್ನುತ್ತಾ ಊರ ಹೆಸರು ಸುಳ್ಳೇ ಹೇಳುತ್ತಿದ್ದ, ಆಯಮ್ಮನೂ ಹೂಂಗುಟ್ಟುತ್ತಾ ಅದನ್ನೇ ಬರೆದುಕೊಳ್ಳುತ್ತಿದ್ದರು.