ಹಿಂದಿನ ಸಾಲಿಗೆ ಕೇಳಿಸುವುದು ಬೈಗುಳ ಮಾತ್ರ

ಸಭೆಯಿಂದ ಯಾರೋ ಒಂದು ಮಾತು ಎಸೆಯುತ್ತಾರೆ. ವೇದಿಕೆ ಮೇಲಿನ ಸ್ಟ್ಯಾಂಡ್‌ಅಪ್ ಕಲಾವಿದ ಸಿಟ್ಟಾಗಿ ತಿರುಗಿ ಬೈಯುತ್ತಾನೆ. ಅಲ್ಲಿಂದಾಚೆಗೆ ಆ ಸಂಜೆ ಯಾರೂ ಮನಸಾರೆ ನಗುವುದಿಲ್ಲ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಹಾಸ್ಯ ಕಾರ್ಯಕ್ರಮ ಏರ್ಪಡಿಸುವ, ನಿರೂಪಿಸುವ, ಧ್ವನಿ ಹೊಂದಿಸುವ ಮಿಕ್ಸರ್ ಮುಂದೆ ಕೂರುವ ನಮ್ಮಂಥವರ ಲೆಕ್ಕದಲ್ಲಿ ಇದಕ್ಕೆ ಕಲಾವಿದನ ಸ್ವಭಾವ ಎಷ್ಟು ಕಾರಣವೋ ಮೈಕ್ ವ್ಯವಸ್ಥೆಯೂ ಅಷ್ಟೇ ಕಾರಣ. ಸ್ವಭಾವ ತಿದ್ದುವುದು ನಮ್ಮ ಕೆಲಸವಲ್ಲ. ಉಳಿದದ್ದು ನಮ್ಮ ಕೈಯಲ್ಲೇ ಇದೆ.

ಮೈಕ್ ಇರುವುದು ಒಬ್ಬರ ಕೈಯಲ್ಲಿ. ಎಸ್‌ಎಂ58 ಥರದ ಮೈಕು ಬಾಯಿಯ ಮುಂದಿನ ಸದ್ದನ್ನು ಹಿಡಿದು, ಬೆನ್ನ ಹಿಂದಿನದನ್ನು ಬಿಡುವಂತೆ ಮಾಡಿದ್ದು. ಸಭೆ ಇರುವುದು ಅದರ ಬೆನ್ನಿಗೆ. ಹಾಗಾಗಿ 3ನೇ ಸಾಲಿನವರು ಅಂದದ್ದು ಅಕ್ಕಪಕ್ಕದ ನಾಲ್ಕೈದು ಸಾಲಿಗೆ ಮಾತ್ರ ಕೇಳುತ್ತದೆ. ಕಲಾವಿದ ಕೊಟ್ಟ ಉತ್ತರ ಇಡೀ ಸಭಾಂಗಣಕ್ಕೆ, ಹೊರಗೆ ಚಪ್ಪಲಿ ಕಾಯುವವರಿಗೂ ಕೇಳುತ್ತದೆ. ಕೆಣಕಿದ ಮಾತು ಕಿವಿಗೆ ಬೀಳದ ಹಿಂದಿನ ಸಾಲಿನವರಿಗೆ, ಇದ್ದಕ್ಕಿದ್ದಂತೆ ಒಬ್ಬ ಪಾಪದ ಮನುಷ್ಯನ ಮೇಲೆ ಹರಿಹಾಯ್ದಂತೆ ಕಾಣುತ್ತದೆ. ಮೊಬೈಲ್ ವಿಡಿಯೋದ ಕತೆಯೂ ಅದೇ. 2006ರ ನವೆಂಬರ್‌ನಲ್ಲಿ ಅಮೆರಿಕದ ಲಾಫ್ ಫ್ಯಾಕ್ಟರಿ ಕ್ಲಬ್‌ನಲ್ಲಿ ಹಾಸ್ಯನಟ ಮೈಕಲ್ ರಿಚರ್ಡ್ಸ್ ಸಭೆಯಲ್ಲಿದ್ದ ಕಪ್ಪು ಜನರ ಮೇಲೆ ಜನಾಂಗೀಯ ನಿಂದನೆ ಸುರಿಸಿದ್ದು ಫೋನ್ ಕ್ಯಾಮೆರಾದಲ್ಲೇ ಸೆರೆಯಾಗಿ ಲೋಕಕ್ಕೆಲ್ಲ ಗೊತ್ತಾಯಿತು. ಸಭೆಯವರು ಮೊದಲು ಏನಂದಿದ್ದರು ಅನ್ನುವುದು ಇವತ್ತು ಯಾರ ನೆನಪಲ್ಲೂ ಇಲ್ಲ. ನೆನಪಿನಲ್ಲಿ ಇದ್ದಿದ್ದರೂ ಆ ಮಾತುಗಳಿಗೆ ಸಮರ್ಥನೆ ಸಿಗುತ್ತಿರಲಿಲ್ಲ.

ಇನ್ನು ವೇದಿಕೆ ಮೇಲಿನವರಿಗೆ ಕೇಳುವುದಾದರೂ ಏನು? ಕಾಲಬುಡದ ಮಾನಿಟರ್ ಸ್ಪೀಕರ್‌ನಿಂದ ತಮ್ಮದೇ ದನಿ. ಎದುರಿಗೆ ವೇದಿಕೆಗೆ ಹಾಕಿದ ಪಾರ್ ಲೈಟಿನ ಬೆಳಕು, ಅದರಾಚೆ ಕತ್ತಲೆ. ಆ ಕತ್ತಲಲ್ಲಿ ಒಂದು ಗಂಡು ದನಿ ಎದ್ದರೆ ಅಕ್ಷರ ತಿಳಿಯುವುದಿಲ್ಲ, ಬರೀ ಸದ್ದು. ಪಂಚ್‌ಗೆ, ಅಂದರೆ ಜೋಕಿನ ನಗಿಸುವ ಸಾಲಿಗೆ, ಮುಂಚಿನ ಒಂದು ಕ್ಷಣದ ಮೌನದಲ್ಲೇ ಈ ಸದ್ದು ಬರುವುದು ಜಾಸ್ತಿ, ಯಾಕೆಂದರೆ ಸಭೆಗೆ ಮಾತಾಡಲು ಜಾಗ ಸಿಗುವುದೇ ಅಲ್ಲಿ. ಕಲಾವಿದನಿಗೆ ಮಾತ್ರ ಅದು ಕೈಗೆ ಬಂದ ತುತ್ತನ್ನು ಕಸಿದುಕೊಂಡ ಹಾಗೆ. ಸಿಟ್ಟು ನೆತ್ತಿಗೇರುವುದು ಅಲ್ಲೇ. ಬಂದದ್ದು ಎಂಥ ಮಾತು ಅಂತ ತಿಳಿಯುವ ಮೊದಲೇ ಉತ್ತರ ಬಾಯಿಗೆ ಬಂದಿರುತ್ತದೆ.

ನಮ್ಮ ಕಡೆ ಆ ಸದ್ದುಗಳಲ್ಲಿ ಹೆಚ್ಚಿನವು ಕೆಣಕುವ ಮಾತುಗಳೇ ಅಲ್ಲ. 'ಮಳೆ ಬಂದ್ರೆ ಮಲ್ನಾಡಲ್ಲಿ ಏನ್ ಮಾಡ್ತೀರಾ?' ಅಂತ ಬೆಂಗಳೂರಿನಿಂದ ಬಂದವರು ಸುಮ್ಮನೆ ಪೀಠಿಕೆಗೆ ಕೇಳಿದರೆ, 'ಹಲಸಿನ ಹಪ್ಪಳ ಸುಡ್ತೀವಿ' ಅಂತ ಒಬ್ಬರಾದರೂ ಪ್ರಾಮಾಣಿಕವಾಗಿ ಹೇಳಿಯೇ ಹೇಳುತ್ತಾರೆ. ಕೇಳಿದ್ದಕ್ಕೆ ಉತ್ತರ ಅದು. ಅದಕ್ಕೆ 'ನಿನ್ನ ಯಾರ್ ಕೇಳಿದ್ರು ಗುರೂ' ಅಂದರೆ ಕೆಟ್ಟಿತು, ಕೇಳಿದ್ದು ಇವರೇ. ಉತ್ತರ ಬೇಡದ ಪ್ರಶ್ನೆಗಳನ್ನು ಈ ಊರುಗಳಿಗೆ ಬರುವ ಮುಂಚೆ ಸೆಟ್‌ನಿಂದ ತೆಗೆದು ಸಾದಾ ವಾಕ್ಯ ಮಾಡಿಕೊಳ್ಳಿ ಅಂತ ನಾವು ಮೊದಲ ಫೋನಿನಲ್ಲೇ ಹೇಳುತ್ತೇವೆ. ಅರ್ಧ ಜಗಳ ಅಲ್ಲಿಗೆ ಮುಗಿಯುತ್ತದೆ.

ಕೊನೆ ಬಸ್ಸು ಇನ್ನೊಂದು. ಊರ ಹೊರಗಿನವರು ಕಾರ್ಯಕ್ರಮ ಮುಗಿಯುವ ಮುಂಚೆಯೇ ಏಳಬೇಕು, ಬಸ್ಸು ತಪ್ಪಿದರೆ ಕಾಡುದಾರಿ. ಹಾಗೆ ಎದ್ದವರನ್ನು 'ಏನ್ ಸರ್, ಜೋಕ್ ಅರ್ಥ ಆಗ್ಲಿಲ್ವಾ?' ಅಂತ ಮೈಕಿನಲ್ಲಿ ಹಿಡಿದು ನಿಲ್ಲಿಸಿದರೆ ಇಡೀ ಸಭೆ ಬಸ್ಸಿನವರ ಪರ. ಅಂಥವರನ್ನು ಬಾಗಿಲ ಪಕ್ಕದ ಸಾಲಿನಲ್ಲಿ ಕೂರಿಸಿ, ಎಷ್ಟು ಹೊತ್ತಿಗೆ ಏಳುತ್ತಾರೆ ಅಂತ ಕಲಾವಿದನಿಗೆ ಮೊದಲೇ ತಿಳಿಸಿದರೆ ಸಾಕು. ಮಳೆಗಾಲದಲ್ಲಿ ಶೀಟ್ ಹೊದಿಸಿದ ಭವನಗಳು ಬೇಡವೇ ಬೇಡ. ಶೀಟಿನ ಮೇಲೆ ಮಳೆ ಬಡಿಯುವಾಗ ಸಭೆಯ ನಗು ವೇದಿಕೆಗೆ ತಲುಪುವುದಿಲ್ಲ, ನಗುತ್ತಿಲ್ಲ ಅಂತ ಕಲಾವಿದ ದನಿ ಏರಿಸುತ್ತಾನೆ, ಏರಿಸಿದ ದನಿ ಗದರಿದಂತೆ ಕೇಳುತ್ತದೆ.

ಎಲ್ಲಕ್ಕಿಂತ ದೊಡ್ಡ ಕಾರಣ ನಾವೇ, ಅಂದರೆ ಸಂಘಟಕರು. ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ ನುಡಿ, ಶಾಲು, ಹಾರ, ಹಣ್ಣಿನ ಬುಟ್ಟಿ, ಅಧ್ಯಕ್ಷ ಭಾಷಣ. ಗಂಟೆಗಟ್ಟಲೆ ಸಭಾ ಕಾರ್ಯಕ್ರಮ ಸಹಿಸಿಕೊಂಡ ಜನ ಆಮೇಲೆ ಬಂದವನ ಮೇಲೆ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಾರೆ. 20 ನಿಮಿಷಕ್ಕೆ ಸಭಾ ಕಾರ್ಯಕ್ರಮ ಮುಗಿಸಿ. ಆಗದಿದ್ದರೆ ನಡುವೆ ಒಂದೆರಡು ಭಾವಗೀತೆ ಹಾಡಿಸಿ. ಮುಂದಿನ ಸಾಲಿನ ಸೋಫಾಗಳನ್ನು ಗಣ್ಯರಿಗೆ ಕಾದಿರಿಸಿ, ಅವರು ಬಾರದೆ ಖಾಲಿ ಉಳಿಯುವುದು ಇನ್ನೊಂದು ರೋಗ. ಕಲಾವಿದನ ಎದುರಿನ ಮೊದಲ ಮೂರು ಮೀಟರ್ ಖಾಲಿ ಇದ್ದರೆ ಅವನು ಗಾಳಿಗೆ ಮಾತಾಡುತ್ತಿರುತ್ತಾನೆ. ಕಾರ್ಯಕ್ರಮ ಶುರುವಾಗಿ 5 ನಿಮಿಷವಾದರೂ ಖಾಲಿ ಇದ್ದರೆ ಹಿಂದಿನವರನ್ನು ತಂದು ಕೂರಿಸಿ, ಗಣ್ಯರಿಗೆ ಆಮೇಲೆ ಏನೋ ಒಂದು ಹೇಳಿದರಾಯಿತು. ಊಟದ ಪಾಡೂ ಹೀಗೇ. ಬೆಂಗಳೂರಿನಿಂದ 300 ಕಿಲೋಮೀಟರ್ ಕಾರಿನಲ್ಲಿ ಬಂದು, ಹಸಿದುಕೊಂಡೇ ವೇದಿಕೆ ಹತ್ತಿದವನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಎರಡು ಗಂಟೆ ಮೊದಲೇ ಊಟ ಹಾಕಿ.

ಇಷ್ಟೆಲ್ಲ ಮಾಡಿದರೂ ಬೇಕೆಂದೇ ಕೆಣಕುವವರು ಇದ್ದೇ ಇರುತ್ತಾರೆ. ಆಗ ವೇದಿಕೆ ಮೇಲೆ ಮಾಡಬೇಕಾದ್ದು ಇಷ್ಟು. ಬಾಯಿ ಮುಚ್ಚಿ ಮೈಕನ್ನು ಒಂದು ಗೇಣು ಕೆಳಗಿಳಿಸಿ ಎರಡು ಸೆಕೆಂಡು ನಿಲ್ಲಬೇಕು. ಬಾಯಿ ಜಾರಿದರೂ ಅದು ಮೈಕಿಗೆ ಜೋರಾಗಿ ಬೀಳಬಾರದು ಅನ್ನುವುದಕ್ಕೆ ಈ ಇಳಿಸುವುದು. ಮೈಕನ್ನು ತುಟಿಗೆ ಒತ್ತಿಕೊಂಡು ಕೂಗಿದರೆ ದನಿಯ ಬೇಸ್ ಉಬ್ಬಿ, ಸ್ಪೀಕರಿನಲ್ಲಿ ಸದ್ದು ಒಡೆದು, ತಮಾಷೆಯೂ ಗುಡುಗಿದಂತೆ ಕೇಳುತ್ತದೆ. ಆಮೇಲೆ ಆ ಕಡೆಗೆ ಪೂರ್ತಿ ತಿರುಗಿ, ಕೇಳಿಸಿದ್ದನ್ನು ಮೈಕಿನಲ್ಲಿ ಇದ್ದದ್ದು ಇದ್ದ ಹಾಗೆ, ಸಾದಾ ದನಿಯಲ್ಲಿ ಮತ್ತೆ ಹೇಳಬೇಕು: 'ಸರ್ ಅಂತಾರೆ, ಇದು ಹಳೇ ಜೋಕಂತೆ.' ಈ ಒಂದು ವಾಕ್ಯದಿಂದ ಹಿಂದಿನ ಸಾಲಿಗೂ, ವಿಡಿಯೋಗೂ ಆ ಮಾತು ಮುಟ್ಟುತ್ತದೆ. ತಪ್ಪಾಗಿ ಕೇಳಿಸಿಕೊಂಡಿದ್ದರೆ ಅವರೇ ತಿದ್ದುತ್ತಾರೆ. ಉತ್ತರ ಯೋಚಿಸಲು ಮೂರ್ನಾಲ್ಕು ಸೆಕೆಂಡು ಪುಕ್ಕಟೆ ಸಿಗುತ್ತದೆ. ಬಹಳ ಸಲ ಮತ್ತೆ ಹೇಳಿದ್ದಕ್ಕೇ ಜನ ನಗುತ್ತಾರೆ, ಉತ್ತರದ ಅಗತ್ಯವೇ ಬೀಳುವುದಿಲ್ಲ.

ಉತ್ತರ ಕೊಡುವುದಾದರೆ ಒಂದೇ ವಾಕ್ಯ, ಅದೂ ತನ್ನ ಮೇಲೆ ಅಥವಾ ಸಂದರ್ಭದ ಮೇಲೆ. ಆಮೇಲೆ ನಿಂತ ಜಾಗದಿಂದ ಮುಂದುವರಿಯಬಾರದು. ಸೆಟಪ್‌ನ, ಅಂದರೆ ಜೋಕಿನ ಪೀಠಿಕೆಯ, ಕೊನೆಯ ಸಾಲಿಗೆ ಹಿಂದೆ ಹೋಗಿ ಮತ್ತೆ ಹತ್ತಬೇಕು. ಇಲ್ಲದಿದ್ದರೆ ಪಂಚ್ ಅನಾಥವಾಗುತ್ತದೆ, ನಗು ಬರುವುದಿಲ್ಲ, ಆ ಸಿಟ್ಟೂ ಕೆಣಕಿದವರ ಲೆಕ್ಕಕ್ಕೇ ಸೇರುತ್ತದೆ.

ಸಿಟ್ಟಿನ ಮೊದಲ ಗುರುತು ಏಕವಚನ. 'ನೀವು' ಹೋಗಿ 'ನೀನು' ಬಂತು ಅಂದರೆ ಮಿಕ್ಸರ್‌ನಲ್ಲಿ ಕೂತವರು ಎಚ್ಚರಾಗಬೇಕು. ಬೆಂಗಳೂರಿನ ಕೆಫೆಯಲ್ಲಿ 'ಮಗಾ', 'ಗುರೂ' ಎಲ್ಲ ನಡೆಯುತ್ತದೆ. ಇಲ್ಲಿ ಐವತ್ತು ದಾಟಿದವರಿಗೆ ಹಾಗೆ ಅಂದರೆ ಅವರ ಪಕ್ಕ ಕೂತ ಹೆಂಡತಿ, ಹಿಂದೆ ಕೂತ ಅಳಿಯ, ಆಚೆ ಕೂತ ಹಳೆ ವಿದ್ಯಾರ್ಥಿ ಎಲ್ಲರಿಗೂ ಅಂದ ಹಾಗೆ. ದೊಡ್ಡ ಊರಿನ ಸಭೆಯಲ್ಲಿ ಕೆಣಕಿದವನು ಅಪರಿಚಿತ, ಅವನನ್ನು ಇಳಿಸಿದರೆ ಉಳಿದವರಿಗೆ ಮಜಾ. ಸಾಗರದಲ್ಲೋ ಹೊಸನಗರದಲ್ಲೋ ಅವರು ಯಾರದೋ ಮೇಷ್ಟ್ರು, ಅಡಿಕೆ ಮಂಡಿಯ ಪರಿಚಯ, ಕಾರ್ಯಕ್ರಮಕ್ಕೆ ಚಂದಾ ಕೊಟ್ಟವರು. ಅಲ್ಲಿ ಹೊರಗಿನವರು ಅಂದರೆ ಕಲಾವಿದ ಒಬ್ಬನೇ. ಇಂಟರ್ನೆಟ್ಟಿನಲ್ಲಿ ಓಡುವ 'ಹೆಕ್ಲರ್ (ಸಭೆಯಿಂದ ಕೆಣಕುವವನ) ಬಾಯಿ ಮುಚ್ಚಿಸಿದ' ಕ್ಲಿಪ್ಪುಗಳನ್ನು ನೋಡಿ ಕಲಿತವರು ಎಡವುವುದು ಇಲ್ಲಿಯೇ.

ಯಕ್ಷಗಾನ ನೋಡಿ ಬೆಳೆದ ಸಭೆಗೆ ಚುಚ್ಚುಮಾತು ಹೊಸದೇನಲ್ಲ. ಹಾಸ್ಯಗಾರ ದೂತನಾಗಿಯೋ ಕಾಶೀಮಾಣಿಯಾಗಿಯೋ ಬಂದು ಯಾರನ್ನು ಬೇಕಾದರೂ ಎಳೆಯಬಹುದು, ಯಾಕೆಂದರೆ ಆ ಮಾತು ಪಾತ್ರದ ಲೆಕ್ಕಕ್ಕೆ ಹೋಗುತ್ತದೆ. ಮಾತು ಅತಿಯಾದರೆ ಭಾಗವತರು ತಾಳ ತಟ್ಟಿ ಮುಂದಿನ ಪದ ಎತ್ತಿಕೊಳ್ಳುತ್ತಾರೆ. ಸ್ಟ್ಯಾಂಡ್‌ಅಪ್‌ನವನಿಗೆ ಬಣ್ಣವೂ ಇಲ್ಲ, ಭಾಗವತರೂ ಇಲ್ಲ. ಅಂದದ್ದೆಲ್ಲ ಅವನ ಸ್ವಂತದ್ದು. ಆ ಭಾಗವತಿಕೆಯನ್ನು ನಿರೂಪಕರು ವಹಿಸಿಕೊಳ್ಳಬೇಕು. ಎರಡನೇ ಮೈಕು ಆನ್ ಆಗಿ ಅವರ ಕೈಯಲ್ಲೇ ಇರಬೇಕು, ವೇದಿಕೆಯ ಪಕ್ಕದಲ್ಲೇ ಕೂತಿರಬೇಕು. ಮಿಕ್ಸರ್ ಕಡೆಯಿಂದ ಟಾರ್ಚ್ ಒಮ್ಮೆ ಮಿನುಗಿದರೆ 5 ನಿಮಿಷ ಉಳಿದಿದೆ, ಎರಡು ಸಲ ಮಿನುಗಿದರೆ ನಿರೂಪಕರು ಬರುತ್ತಿದ್ದಾರೆ ಅಂತ ಮೊದಲೇ ಮಾತಾಗಿರಲಿ. ಒಬ್ಬರೇ ಮೂರನೇ ಸಲ ಬಾಯಿ ಹಾಕಿದರೆ ಅದು ಕಲಾವಿದನ ಕೆಲಸವಲ್ಲ, ನಿರೂಪಕರದ್ದು.

ಕಲಾವಿದ ಕೂಗತೊಡಗಿದಾಗ ಮೈಕನ್ನು ಮ್ಯೂಟ್ ಮಾಡುವುದು ಹೊಸ ಆಪರೇಟರ್‌ಗಳ ಅಭ್ಯಾಸ. ಮಾಡಬೇಡಿ. ಮೈಕ್ ಸತ್ತಿದೆ ಅಂತ ಗೊತ್ತಾದರೆ ಮನುಷ್ಯ ಇನ್ನೂ ಜೋರಾಗಿ ಕೂಗುತ್ತಾನೆ. ದನಿ ಏರಿಳಿಸುವ ಫೇಡರನ್ನು ಮೆಲ್ಲಗೆ 6 ಡೆಸಿಬಲ್‌ನಷ್ಟು ಇಳಿಸಿ, ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರ್ ಮೊದಲೇ ಹಾಕಿಟ್ಟಿರಿ. ಸಭೆಯ ದೀಪಗಳೂ ಪೂರ್ತಿ ಆರಬಾರದು. ನಮ್ಮ ಭವನಗಳಲ್ಲಿ ಬೆಳಕು ತಗ್ಗಿಸುವ ಡಿಮ್ಮರ್ ಇರುವುದು ಅಪರೂಪ, ಬರೀ ಟ್ಯೂಬ್‌ಲೈಟು. ಮುಂದಿನವು ಆರಿಸಿ ಹಿಂದಿನ ಗೋಡೆಯದು ಒಂದೆರಡು ಉಳಿಸಿದರೆ ಜನ ನಗಲು ಬೇಕಾದ ಕತ್ತಲೂ ಸಿಗುತ್ತದೆ, ಮಾತಾಡಿದವರು ಯಾರು ಅಂತಲೂ ಕಾಣುತ್ತದೆ.

ಕುಡಿದು ಬಂದವರ ಜೊತೆ ಒಂದು ಉತ್ತರವೂ ಬೇಡ, ಉತ್ತರ ಸಿಕ್ಕಷ್ಟೂ ಅವರಿಗೆ ಹುರುಪು. ಸ್ವಯಂಸೇವಕರು ಇಬ್ಬರು ಪಕ್ಕದಿಂದ ಹೋಗಬೇಕು, ಒಬ್ಬರಾದರೂ ಪರಿಚಯದವರಾಗಿರಬೇಕು, 'ಅಣ್ಣ, ಹೊರಗೆ ನಿಮ್ಮನ್ನ ಯಾರೋ ಕೇಳ್ತಿದಾರೆ' ಅಂತ ಎಬ್ಬಿಸಬೇಕು. ಅಷ್ಟು ಹೊತ್ತು ಕಲಾವಿದ ಇನ್ನೊಂದು ಬದಿಯ ಸಭೆಯ ಕಡೆ ತಿರುಗಿ ಮಾತಾಡುತ್ತಿರಬೇಕು. 'ಇವನನ್ನ ಆಚೆ ಹಾಕಿ' ಅಂತ ಮೈಕಿನಲ್ಲಿ ಅಂದರೆ ಎಲ್ಲರ ಕಣ್ಣೂ ಅಲ್ಲಿಗೇ.

ಆಕ್ಷೇಪಣೆ ಬೇರೆ ಜಾತಿಯ ಮಾತು. ಇದನ್ನು ಕೆಣಕು ಅಂತ ತಿಳಿಯುವುದೇ ದೊಡ್ಡ ಎಡವಟ್ಟು. 2012ರಲ್ಲಿ ಅದೇ ಲಾಫ್ ಫ್ಯಾಕ್ಟರಿಯಲ್ಲಿ, ಅತ್ಯಾಚಾರದ ಜೋಕುಗಳು ನಗುವಂಥದ್ದಲ್ಲ ಅಂತ ಸಭೆಯಿಂದ ಹೇಳಿದ ಮಹಿಳೆಯನ್ನೇ ಗುರಿ ಮಾಡಿ ಹಾಸ್ಯ ಕಲಾವಿದ ಡೇನಿಯಲ್ ಟಾಶ್ ಅಂಥದೇ ಜೋಕು ಮಾಡಿ, ಕೊನೆಗೆ ಟ್ವಿಟ್ಟರ್‌ನಲ್ಲಿ ಕ್ಷಮೆ ಕೇಳಬೇಕಾಯಿತು. ಆಕ್ಷೇಪಣೆ ಬಂದರೆ 'ಸರಿ ಮೇಡಂ, ಕೇಳಿಸ್ತು' ಅಂತ ಹೇಳಿ ಬೇರೆ ವಿಷಯಕ್ಕೆ ಹೋಗುವುದೇ ಲೇಸು. ಒಪ್ಪಬೇಕಿಲ್ಲ, ವಾದಿಸಲೂಬಾರದು. ಇನ್ನು ಗುಂಪು ಕಟ್ಟಿಕೊಂಡು ಕಾರ್ಯಕ್ರಮ ನಿಲ್ಲಿಸಲೆಂದೇ ಬಂದವರ ಎದುರು ಹಾಸ್ಯ, ಸಮಾಧಾನ ಎರಡೂ ನಡೆಯುವುದಿಲ್ಲ. 2021ರ ಜನವರಿ 1ರಂದು ಇಂದೋರ್‌ನಲ್ಲಿ ಹಾಸ್ಯ ಕಲಾವಿದ ಮುನವ್ವರ್ ಫಾರೂಕಿ ಅವರ ಕಾರ್ಯಕ್ರಮಕ್ಕೆ ಅಡ್ಡಿ ಬಂದಾಗ ಅದು ಫಾರೂಕಿ ಅವರದೇ ಬಂಧನದಲ್ಲಿ ಮುಗಿಯಿತು, ಜಾಮೀನು ಸಿಕ್ಕಿದ್ದು ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಿಂದ. ಅಂಥ ಹೊತ್ತಲ್ಲಿ ಎಲ್ಲ ದೀಪ ಹಾಕಿ, ಕಲಾವಿದನನ್ನು ಪಕ್ಕದ ಬಾಗಿಲಿಂದ ಕಳಿಸಿ, ಮೈಕನ್ನು ಸಂಘಟಕರು ಹಿಡಿಯಬೇಕು.

ಸಿಟ್ಟಿನಲ್ಲಿ ಎಂದೂ ಮುಟ್ಟಬಾರದ್ದು ಜಾತಿ, ಧರ್ಮ, ಮೈಬಣ್ಣ, ಮೈಕಟ್ಟು, ಜೊತೆಗೆ ಕೂತ ಹೆಣ್ಣುಮಕ್ಕಳು. ಗೊತ್ತಿದ್ದೂ ಕಾಲಿಡುವವರು ಕಡಿಮೆ, 'ನಿಮ್ಮ ಹೆಸರೇನು?' ಅಂತ ಶುರುವಾಗುವ ಕ್ರೌಡ್ ವರ್ಕ್‌ನಿಂದಲೇ, ಅಂದರೆ ಸಭೆಯವರ ಜೊತೆಗಿನ ಹರಟೆಯಿಂದಲೇ, ಜಾರುತ್ತಾರೆ. ಹೆಗಡೆ, ಗೌಡ, ಭಟ್ ಅಂತ ಉತ್ತರ ಬಂದರೆ ಮುಂದಿನ ಮಾತು ಎಲ್ಲಿಗೆ ಹೋಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಬಸ್ಸಲ್ಲಿ ಬಂದಿರಾ, ಬೈಕಲ್ಲಾ ಅಂತ ಶುರು ಮಾಡಿ. ಕಾನೂನೂ ತಿಳಿದಿರಲಿ: ಪರಿಶಿಷ್ಟರನ್ನು ಸಾರ್ವಜನಿಕವಾಗಿ ಜಾತಿ ಹಿಡಿದು ನಿಂದಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ, ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಂ, ಬೇಕೆಂದೇ ಧಾರ್ಮಿಕ ಭಾವನೆ ಕೆಣಕಿದ್ದಕ್ಕೆ 299. 'ಅವರೇ ಮೊದಲು ಶುರು ಮಾಡಿದ್ದು' ಅಂದರೆ ಠಾಣೆಯಲ್ಲಿ ನಡೆಯುವುದಿಲ್ಲ.

ಬಾಯಿ ಜಾರಿಯೇಬಿಟ್ಟಿತು ಅಂದುಕೊಳ್ಳಿ. ಅದೇ ವೇದಿಕೆಯಲ್ಲಿ, ಅದೇ ಮೈಕಿನಲ್ಲಿ, ಇಳಿಯುವ ಮುಂಚೆ ಒಂದು ವಾಕ್ಯ: 'ಹಾಗೆ ಅನ್ನಬಾರದಿತ್ತು, ಕ್ಷಮಿಸಿ.' ಅದರ ಬಾಲಕ್ಕೆ ಜೋಕು ಕಟ್ಟಬಾರದು. ರಿಚರ್ಡ್ಸ್ ಕೆಲವೇ ದಿನದಲ್ಲಿ ಡೇವಿಡ್ ಲೆಟರ್‌ಮನ್ ಅವರ ಟೀವಿ ಕಾರ್ಯಕ್ರಮದಲ್ಲಿ ಕ್ಷಮೆ ಕೇಳಿದಾಗ ಅದು ಹಾಸ್ಯ ಕಾರ್ಯಕ್ರಮವೆಂದೇ ಸಭೆ ನಗತೊಡಗಿತು, ಸ್ಟುಡಿಯೋದಲ್ಲಿ ಅತಿಥಿಯಾಗಿದ್ದ ಅವರ ಸಹನಟ ಜೆರಿ ಸೈನ್‌ಫೆಲ್ಡ್ ನಗಬೇಡಿ ಅನ್ನಬೇಕಾಯಿತು. ನಗುವಿಗೆ ಅಂತ ಕೂತ ಜನರ ಮುಂದೆ ಕ್ಷಮೆ ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದು. ಉಳಿದದ್ದನ್ನು ಹೊರಗೆ, ಕಾಫಿ ಲೋಟ ಹಿಡಿದು, ಅವರ ಹತ್ತಿರವೇ ಹೋಗಿ ಹೇಳಿ. ಸಂಘಟಕರೂ ಜೊತೆಗಿರಿ.

ಕಾರ್ಯಕ್ರಮದ ಪೂರ್ತಿ ಧ್ವನಿಮುದ್ರಣ ನಮ್ಮ ಬಳಿ ಇರಬೇಕು. ಮಿಕ್ಸರ್‌ನಿಂದ ತೆಗೆದದ್ದರಲ್ಲಿ ಸಭೆಯ ಮಾತು ಇರುವುದಿಲ್ಲ, ಹಾಗಾಗಿ 5ನೇ ಸಾಲಿನ ಹತ್ತಿರ ಒಂದು ಸಾದಾ ರೆಕಾರ್ಡರ್ ಬೇರೆ ಇಡಿ, ಫೋನಾದರೂ ಸರಿ, ಏರೋಪ್ಲೇನ್ ಮೋಡ್‌ನಲ್ಲಿ. ಮುದ್ರಿಸುತ್ತಿದ್ದೇವೆ ಅಂತ ನಿರೂಪಕರು ಮೊದಲೇ ಹೇಳಿರಲಿ. 40 ಸೆಕೆಂಡಿನ ಕ್ಲಿಪ್ ವಾಟ್ಸಾಪ್‌ನಲ್ಲಿ ಓಡತೊಡಗಿದರೆ ಹಿಂದಿನ ಎರಡು ನಿಮಿಷ ಏನಾಯಿತು ಅಂತ ತೋರಿಸಲು ಅದೊಂದೇ ಇರುವುದು. ತಿಂಗಳಾದರೂ ತಕರಾರು ಬರಲಿಲ್ಲ ಅಂದರೆ ಅಳಿಸಿಬಿಡಿ.