ಚಾಪ್ಟರ್ 7 ನಮ್ಮ ಕೋರ್ಟಿನಲ್ಲಿ ಇಲ್ಲ

ಸಾಲ ಕೈಮೀರಿದವರು ವಕೀಲರ ಆಫೀಸಿಗೆ ಬರುವ ಹೊತ್ತಿಗೆ ಮೊಬೈಲಿನಲ್ಲಿ ಎಲ್ಲಾ ಹುಡುಕಿ ಮುಗಿಸಿರುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ನಡುರಾತ್ರಿ ನಿದ್ದೆ ಬಾರದೆ ಒದ್ದಾಡುವವನಿಗೆ ಯಾವ ವಕೀಲ ಸಿಗುತ್ತಾನೆ ಹೇಳಿ? ಆದರೆ ಅಲ್ಲಿಂದ ತಂದ ಸಲಹೆಯಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಅಂತ ಕೇರುವುದೇ ಈಗ ನಮ್ಮ ಅರ್ಧ ಕೆಲಸ. ನಾನು ದಾವಣಗೆರೆಯಲ್ಲಿ ಸಿವಿಲ್ ವಕೀಲರೊಬ್ಬರ ಹತ್ತಿರ ಜೂನಿಯರ್.

ಈಚೆಗೆ ಅಂಗಡಿ ವ್ಯಾಪಾರಿಯೊಬ್ಬರು ಬಂದಿದ್ದರು (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ). ಬ್ಯಾಂಕ್ ಸಾಲ, ಕ್ರೆಡಿಟ್ ಕಾರ್ಡ್, ಮೇಲೆ ಕೈಸಾಲ. ಕೂತವರೇ, "ಸಾರ್, ಚಾಪ್ಟರ್ 7 ಹಾಕಿಬಿಡಿ. ಎಲ್ಲಾ ಸಾಲ ಮಾಫಿ ಆಗುತ್ತಂತೆ" ಅಂದರು. ಅವರು ನೋಡಿದ್ದ ವಿಡಿಯೊ ಅಪ್ಪಟ ಕನ್ನಡದಲ್ಲಿತ್ತು. ಕಾನೂನು ಮಾತ್ರ ಅಮೆರಿಕದ್ದು; ಚಾಪ್ಟರ್ 7 ಅಂದರೆ ಅಲ್ಲಿನ ದಿವಾಳಿ ಕಾನೂನಿನ ಒಂದು ಅಧ್ಯಾಯ.

ಇದನ್ನಾದರೂ ಸುಲಭವಾಗಿ ಬಿಡಿಸಿ ಹೇಳಬಹುದು. ಜಾಸ್ತಿ ದಾರಿ ತಪ್ಪಿಸುವುದು ನಮ್ಮದೇ ದೇಶದ ಕಾನೂನು. 2016ರ ದಿವಾಳಿ ಸಂಹಿತೆ, ಅಂದರೆ ಐಬಿಸಿ, ತೆಗೆದು ನೋಡಿ. ವರ್ಷದ ಆದಾಯ 60,000 ರೂಪಾಯಿ, ಆಸ್ತಿ 20,000, ಸಾಲ 35,000 ಮೀರದ, ಸ್ವಂತ ಮನೆ ಇಲ್ಲದವರಿಗೆ 'ಫ್ರೆಶ್ ಸ್ಟಾರ್ಟ್' ಅಂತ ಸಾಲ ಮನ್ನಾದ ಒಂದು ದಾರಿ ಬರೆದಿದೆ. ಸರ್ಕಾರದ ಜಾಲತಾಣದಲ್ಲೇ ಸಿಗುತ್ತದೆ, ಓದಿದವರು ನಂಬುತ್ತಾರೆ. ಆದರೆ ನಾನು ಇದನ್ನು ಬರೆಯುವ ಹೊತ್ತಿಗೆ ಆ ಭಾಗ ಜಾರಿಗೇ ಬಂದಿಲ್ಲ. ವ್ಯಕ್ತಿಗಳ ವಿಷಯದಲ್ಲಿ ಜಾರಿಯಾಗಿರುವುದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗಷ್ಟೇ, ಅದೂ 2019ರ ಡಿಸೆಂಬರ್ 1ರಿಂದ. ನಮ್ಮ ನಿಮ್ಮಂಥವರಿಗೆ ಇವತ್ತಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಅರ್ಜಿ ಹಾಕಲು ಅದರಲ್ಲಿರುವ ಕನಿಷ್ಠ ಸಾಲದ ಮಿತಿ 500 ರೂಪಾಯಿ! ಎಷ್ಟು ಹಳೇದು ಅಂತ ಅದರಲ್ಲೇ ಗೊತ್ತಾಗುತ್ತದೆ, ಅಲ್ವಾ?

ನಮ್ಮ ಸೀನಿಯರ್ ಇಂಥವರಿಗೆ ಮೊದಲು ಕೇಳುವುದು ಸಾಲ ಎಷ್ಟು ಅಂತ ಅಲ್ಲ. "ಇತ್ತೀಚೆಗೆ ಏನಾದರೂ ಯಾರ ಹೆಸರಿಗಾದರೂ ಮಾಡಿಕೊಟ್ರಾ?" ಅಂತ. ಅವತ್ತೂ ಹಾಗೇ ಕೇಳಿದರು. ಮನುಷ್ಯ ಸ್ವಲ್ಪ ಹೊತ್ತು ಸುಮ್ನಿದ್ದು, "ಇಲ್ಲ ಸಾರ್. ಮನೆ ನಮ್ಮನೆಯವಳ ಹೆಸರಿಗೆ ದಾನಪತ್ರ ಮಾಡಿ ಆಮೇಲೆ ಅರ್ಜಿ ಹಾಕಬೇಕಂತೆ. ಪತ್ರ ಬರೆಯೋರನ್ನ ವಿಚಾರಿಸ್ತಿದ್ದೆ" ಅಂದರು. ಪುಣ್ಯ, ವಿಚಾರಣೆಯಲ್ಲೇ ನಿಂತಿತ್ತು. ಅದೇ ಕಾಯ್ದೆಯ 53ನೇ ಕಲಂ ಪ್ರಕಾರ, ವರ್ಗಾವಣೆಯಾದ ಎರಡು ವರ್ಷದೊಳಗೆ ಹಾಕಿದ ಅರ್ಜಿಯ ಮೇಲೆ ದಿವಾಳಿ ಅಂತ ಆದೇಶವಾದರೆ ಕೋರ್ಟು ಆ ದಾನಪತ್ರವನ್ನು ರದ್ದು ಮಾಡಬಹುದು. ಹೆಂಡತಿ ಹೆಸರಿಗೆ ಪತ್ರ ಮಾಡಿಸಿದ ಖರ್ಚೂ ಹೋಗುತ್ತದೆ, ನ್ಯಾಯಾಧೀಶರ ಮುಂದೆ ಮುಖವೂ ಹೋಗುತ್ತದೆ.

ಇನ್ನೊಂದು ವಿಷಯ ಅವರು ನೋಡಿದ ಯಾವ ವಿಡಿಯೊದಲ್ಲೂ ಇರಲಿಲ್ಲ. ಬ್ಯಾಂಕ್ ಸಾಲಕ್ಕೆ ಅವರ ಭಾವಮೈದ ಶ್ಯೂರಿಟಿ ಹಾಕಿದ್ದ. ಇವರು ದಿವಾಳಿಯಾಗಿ ಬಿಡುಗಡೆ ಪಡೆದರೂ ಅವನಿಗೆ ಬಿಡುಗಡೆ ಇಲ್ಲ. ಬ್ಯಾಂಕಿನವರು ನೇರ ಅವನ ಮನೆ ಬಾಗಿಲಿಗೆ ಹೋಗುತ್ತಾರೆ. ಇದನ್ನು ಕೇಳಿದ ಮೇಲೆ ಅವರ ಅವಸರ ಅರ್ಧ ಇಳಿಯಿತು.

ಕೈಸಾಲಕ್ಕೆ ಕೊಟ್ಟ ಚೆಕ್ಕಿನದು ಬೇರೆಯೇ ಕಥೆ. ಚೆಕ್ ಬೌನ್ಸ್ ಆಗಿ ನೋಟಿಸ್ ಕೈಸೇರಿದರೆ ಹಣ ಕಟ್ಟಲು ಇರುವುದು 15 ದಿನ. ಆಮೇಲೆ ಕ್ರಿಮಿನಲ್ ಕೇಸು. "ಕಂತು ನಿಲ್ಲಿಸಿ, ನಾವು ಸೆಟಲ್ ಮಾಡಿಸ್ತೀವಿ" ಅಂತ ಮುಂಗಡ ಫೀಸು ಕೇಳುವವರು ಇದನ್ನೆಲ್ಲ ಹೇಳುವುದಿಲ್ಲ. ಅವರ ಬಗ್ಗೆ ನನಗೆ ಒಳ್ಳೆ ಮಾತು ಬರುವುದೂ ಇಲ್ಲ.

ಹಾಗಂತ ಮೊಬೈಲ್ ಬದಿಗಿಡಿ ಅಂತ ನಾವು ಯಾರಿಗೂ ಹೇಳುವುದಿಲ್ಲ. ಅದರಲ್ಲೇ ಇ-ಕೋರ್ಟ್ಸ್ ಆ್ಯಪ್ ಇದೆ. ಅವತ್ತು ಅಲ್ಲೇ ಕೂತು ಅವರ ಹೆಸರು ಹಾಕಿ ಹುಡುಕಿದೆ. ಒಂದು ದಾವೆ ಸಿಕ್ಕಿತು. ಅವರ ಮುಖ ಬಿಳಿಚಿತು. ಸಮನ್ಸ್ ಹಳೇ ಅಂಗಡಿ ವಿಳಾಸಕ್ಕೆ ಹೋಗಿತ್ತಂತೆ, ಅವರಿಗೆ ಗೊತ್ತೇ ಇಲ್ಲ. ಡಿಕ್ರಿ ಇನ್ನೂ ಆಗಿರಲಿಲ್ಲ. ಹಾಗಾಗಿ ದಿವಾಳಿ ಅರ್ಜಿ ಪಕ್ಕಕ್ಕಿಟ್ಟು ಮೊದಲು ಆ ದಾವೆಗೆ ವಕಾಲತ್ತು ಹಾಕಿದೆವು. ಕ್ರೆಡಿಟ್ ರಿಪೋರ್ಟನ್ನೂ ತೆಗೆಸಿದೆವು. ವರ್ಷಕ್ಕೊಂದು ಪುಕ್ಕಟೆ ಸಿಗುತ್ತದೆ. ಅವರೇ ಮರೆತಿದ್ದ ಒಂದು ಆ್ಯಪ್ ಸಾಲ ಅದರಲ್ಲಿತ್ತು.

ವಕೀಲರ ಫೀಸಿಗೆ ಹೆದರಿ ವಿಡಿಯೊ ನೋಡುವವರೇ ಜಾಸ್ತಿ. ಅಂಥವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಇಲ್ಲವೇ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ, ಅಂಗವಿಕಲರಿಗೆ, ಆದಾಯ ಕಮ್ಮಿ ಇರುವವರಿಗೆ ವಕೀಲರು ಉಚಿತ. ಹೋಗುವಾಗ ಬಂದಿರುವ ನೋಟಿಸುಗಳನ್ನೆಲ್ಲ ಲಕೋಟೆ ಸಮೇತ ಒಯ್ಯಿರಿ. ಯಾವ ತಾರೀಖಿಗೆ ಕೈಸೇರಿತು ಅನ್ನುವುದಕ್ಕೆ ಅಂಚೆ ಮುದ್ರೆ ಬೇಕಾಗುತ್ತದೆ.