ಹಾಲ್‌ನೊಳಗೆ ಟ್ಯಾಗ್ ಎಲ್ಲಿದೆ? ಪುಣೆ ಇಂಟರ್ನ್‌ಶಿಪ್ ಲಾಗ್, ಐದನೇ ವಾರದವರೆಗೆ

ಜಾಗ: ಎರಂಡವಣೆಯಲ್ಲಿ 12 × 8 ಮೀಟರಿನ ಒಂದು ಹಾಲ್. ಕೆಲಸ: ನಾಲ್ಕು ಆಂಕರ್ (ಗೋಡೆಗೆ ಕೂರಿಸಿದ ರೇಡಿಯೊ ಬೋರ್ಡು), ಒಂದು ಟ್ಯಾಗ್ (ಹೊತ್ತು ಓಡಾಡುವ ಬೋರ್ಡು); ಆಂಕರ್‌ಗಳಿಂದ ದೂರ ಅಳೆದು ಟ್ಯಾಗ್ ಎಲ್ಲಿದೆ ಎಂದು ಹೇಳಬೇಕು, ತಪ್ಪು 20 ಸೆಂಮೀ ಒಳಗೆ. ವಿದ್ಯಾರ್ಥಿಗಳು ಮೂವರು, ಇಬ್ಬರು ಬೆಳಗಾವಿ ಕಡೆಯವರು, ಒಬ್ಬ ಸೊಲ್ಲಾಪುರದವ. ಮೂವರಿಗೂ ಕನ್ನಡ ಬರುವುದರಿಂದ ಲಾಗ್ ಕೂಡ ಕನ್ನಡದಲ್ಲೇ.

ವಾರ 1. ಮೊದಲು ಬ್ಲೂಟೂತ್. ಇಎಸ್‌ಪಿ32 (ವೈಫೈ, ಬ್ಲೂಟೂತ್ ಇರುವ ಪುಟ್ಟ ಕಂಪ್ಯೂಟರ್) ಬೋರ್ಡು ಕೈಲಿದ್ದವು, ಖರ್ಚಿಲ್ಲ. ಸಿಗ್ನಲ್ ಬಲ ನೋಡಿ ದೂರ ಲೆಕ್ಕ ಹಾಕುವಾಗ 6 ಡಿಬಿ (ಡೆಸಿಬೆಲ್, ಸಿಗ್ನಲ್ ಬಲದ ಅಳತೆ) ಏರುಪೇರಾದರೆ ದೂರ ದುಪ್ಪಟ್ಟು ಇಲ್ಲವೇ ಅರ್ಧ. ಟ್ಯಾಗ್ ಅಲುಗಾಡದೆ ಮೇಜಿನ ಮೇಲೆ ಕೂತಿದ್ದರೂ ಅಷ್ಟು ಕುಣಿಯುತ್ತದೆ, ಏಕೆಂದರೆ ಬೀಕನ್ (ಆಗಾಗ ಹೊರಡುವ ಪುಟ್ಟ ಸಂದೇಶ) 2402, 2426, 2480 ಮೆಗಾಹರ್ಟ್ಸ್ ಎಂಬ ಮೂರು ಚಾನೆಲ್‌ಗಳಲ್ಲಿ ಸರದಿಯಂತೆ ಹೊರಡುತ್ತದೆ, ಗೋಡೆಯ ಪ್ರತಿಫಲನ ಮೂರಕ್ಕೂ ಬೇರೆ ಬೇರೆ. ಯಾವ ಕೋಣೆ ಎಂದು ಹೇಳಲು ಸಾಕು, ಯಾವ ಮೂಲೆ ಎಂದು ಹೇಳಲು ಸಾಲದು. ನಾಲ್ಕು ದಿನಕ್ಕೆ ಮುಗಿಸಿದೆವು.

ವಾರ 2. ಯುಡಬ್ಲ್ಯುಬಿಗೆ (ಅಲ್ಟ್ರಾ ವೈಡ್‌ಬ್ಯಾಂಡ್: ಸಿಗ್ನಲ್ ಬಲದ ಬದಲು ಅಲೆ ಹೋಗಿಬರುವ ಸಮಯದಿಂದ ದೂರ ಅಳೆಯುವ ರೇಡಿಯೊ) ಬಂದೆವು. ಡಿಡಬ್ಲ್ಯುಎಂ1000 ಎಂಬ ಯುಡಬ್ಲ್ಯುಬಿ ಮಾಡ್ಯೂಲ್ ಆರು (ಒಂದು ಹೆಚ್ಚಿಗೆ), ಅಡಾಪ್ಟರ್ ಬೋರ್ಡು ಆರು, 18650 ಲಿಥಿಯಂ ಸೆಲ್. ಮಾಡ್ಯೂಲ್ ಆನ್‌ಲೈನ್‌ನಲ್ಲಿ, ಹೆಡರ್, ವೈರು, ಸೆಲ್ ಹೋಲ್ಡರ್ ಎಲ್ಲ ಪುಣೆಯ ಎಲೆಕ್ಟ್ರಾನಿಕ್ಸ್ ಬೀದಿ ತಪಕೀರ್ ಗಲ್ಲಿಯಲ್ಲಿ. ಮಾಡ್ಯೂಲಿನ ಕಾಲುಗಳು ಬ್ರೆಡ್‌ಬೋರ್ಡಿಗೆ ಕೂರುವುದಿಲ್ಲ, ಅಡಾಪ್ಟರ್ ಬೇಕೇ ಬೇಕು. ಆಂಟೆನಾ ಇರುವ ತುದಿ ಬೋರ್ಡಿನ ಅಂಚಿಗೆ ಬರಬೇಕು, ಅದರ ಕೆಳಗೆ ತಾಮ್ರ ಇರಬಾರದು.

ಬೆಸುಗೆ ಆದ ಮೇಲೆ ಮೊದಲ ಕೆಲಸ ಚಿಪ್‌ನ ಗುರುತಿನ ಸಂಖ್ಯೆ ಓದುವುದು. ಡಿಇಸಿಎ0130 ಬಂದರೆ ಸರಿ. ಬರೀ ಎಫ್‌ಗಳೋ ಬರೀ ಸೊನ್ನೆಗಳೋ ಬಂದರೆ ಕೋಡ್ ಮುಟ್ಟಬೇಡಿ, ಬೆಸುಗೆ ನೋಡಿ. ಎರಡು ಬೋರ್ಡಿನಲ್ಲಿ ಸಂಖ್ಯೆ ಒಮ್ಮೆ ಬರುತ್ತಿತ್ತು, ಒಮ್ಮೆ ಇಲ್ಲ. ಕಾರಣ ಎರಡು. ಒಂದು, ರೀಸೆಟ್ ಪಿನ್ನನ್ನು ಕೋಡ್ ‘ಹೈ’ ಮಾಡುತ್ತಿತ್ತು. ಅದನ್ನು ಕೆಳಕ್ಕೆಳೆದು ಬಿಟ್ಟುಬಿಡಬೇಕು, ಅಂದರೆ ಇನ್‌ಪುಟ್ ಮಾಡಬೇಕು, ಮೇಲಕ್ಕೆ ಒತ್ತಬಾರದು. ಎರಡು, ಎಸ್‌ಪಿಐ (ಬೋರ್ಡೂ ಚಿಪ್ಪೂ ಮಾತಾಡುವ ತಂತಿಗಳು) ಶುರುವಿನಿಂದಲೇ 16 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಚಿಪ್‌ನ ಒಳಗಡಿಯಾರ ನೆಲೆಗೊಳ್ಳುವ ತನಕ 3 ದಾಟಬಾರದು, ಆಮೇಲೆ 20ರವರೆಗೂ ಹೋಗಬಹುದು.

ವಾರ 3. 7 ಮೀಟರ್ ಅಂತರಕ್ಕೆ 9ರ ಮೇಲೆ ರೀಡಿಂಗ್! ಒಂದೇ ಸುತ್ತಿನ ಲೆಕ್ಕದಲ್ಲಿ, ಅಂದರೆ ಟ್ಯಾಗ್ ಕೇಳಿ ಆಂಕರ್ ಉತ್ತರಿಸಿ ಮುಗಿಸಿದರೆ, ಎರಡು ಬೋರ್ಡಿನ ಗಡಿಯಾರದ ಹರಳುಗಳ ವ್ಯತ್ಯಾಸ ನೇರ ದೂರಕ್ಕೆ ಸೇರುತ್ತದೆ. ಉತ್ತರಕ್ಕೆ 3 ಮಿಲಿಸೆಕೆಂಡ್, ವ್ಯತ್ಯಾಸ 5 ಪಿಪಿಎಂ (ಹತ್ತು ಲಕ್ಷಕ್ಕೆ ಐದು) ಎಂದಿಟ್ಟುಕೊಂಡರೆ ತಪ್ಪು 7.5 ನ್ಯಾನೊಸೆಕೆಂಡ್, ದೂರದಲ್ಲಿ ಸುಮಾರು 2.25 ಮೀಟರ್. ಕಾಯಿಲೆ ಇದೇ ಎಂದು ಖಚಿತ ಮಾಡಿಕೊಳ್ಳಲು ಉತ್ತರದ ವಿಳಂಬ ದುಪ್ಪಟ್ಟು ಮಾಡಿ ನೋಡಿ, ತಪ್ಪೂ ದುಪ್ಪಟ್ಟಾಗುತ್ತದೆ. ಮೂರನೇ ಸಂದೇಶ ಸೇರಿಸಿ ಎರಡೂ ಕಡೆಯಿಂದ ಅಳೆದಾಗ ಇದು ಹೋಯಿತು.

ಉಳಿದದ್ದು ಆಂಟೆನಾ ವಿಳಂಬ, ಅಂದರೆ ಚಿಪ್‌ಗೂ ಆಂಟೆನಾಗೂ ನಡುವೆ ಸಿಗ್ನಲ್ ತೆಗೆದುಕೊಳ್ಳುವ ಸಮಯ. ಎಲ್ಲ ಬೋರ್ಡಿಗೂ 16436 (ಚಿಪ್ ಗಡಿಯಾರದ ಎಣಿಕೆ) ಎಂದು ಹಾಕಿ ಕೈತೊಳೆದುಕೊಳ್ಳುವ ಅಭ್ಯಾಸ ಬೇಡ. ಎರಡೇ ಬೋರ್ಡು ಎದುರಿಟ್ಟರೆ ಇಬ್ಬರ ತಪ್ಪಿನ ಮೊತ್ತ ಮಾತ್ರ ಸಿಗುತ್ತದೆ, ಯಾರದೆಷ್ಟು ಗೊತ್ತಾಗುವುದಿಲ್ಲ. ಮೂರು ಬೋರ್ಡು ತೆಗೆದುಕೊಂಡು, ಜೋಡಿ ಜೋಡಿಯಾಗಿ 7 ಮೀಟರಿನಲ್ಲಿ ನಿಲ್ಲಿಸಿ, ಪ್ರತಿ ಜೋಡಿಗೆ 500 ರೀಡಿಂಗ್‌ನ ಸರಾಸರಿ. ನಮಗೆ ಬಂದ ಹೆಚ್ಚಳ: ಎ-ಬಿ 56 ಸೆಂಮೀ, ಬಿ-ಸಿ 48, ಎ-ಸಿ 60. ಬಿಡಿಸಿದರೆ ಎ 34, ಬಿ 22, ಸಿ 26. ಒಂದು ಬೋರ್ಡಿನಲ್ಲಿ ಕಳಿಸುವ, ಪಡೆಯುವ ಎರಡೂ ವಿಳಂಬವನ್ನು ಒಂದೊಂದು ಎಣಿಕೆ ಏರಿಸಿದರೆ ದೂರ 4.69 ಮಿಮೀ ಇಳಿಯುತ್ತದೆ. ಹಾಗಾಗಿ 16436ಕ್ಕೆ ಕೂಡಿಸಿ ಎ 16508, ಬಿ 16483, ಸಿ 16491. ಉಳಿದ ಬೋರ್ಡುಗಳನ್ನು ಎ ಎದುರು ನಿಲ್ಲಿಸಿದರೆ ಆಯಿತು. ಬೋರ್ಡಿನ ಬೆನ್ನ ಮೇಲೆ ಸಂಖ್ಯೆ ಬರೆದು ಅಂಟಿಸಿ, ಇಲ್ಲದಿದ್ದರೆ ಮರುದಿನ ಅದಲುಬದಲು ಖಂಡಿತ.

ವಾರ 4. ಆಂಕರ್ ಗೋಡೆಗೆ. ನೆಲಕ್ಕೆ ನಮ್ಮೂರ ಕಡೆಯ ಶಹಾಬಾದ್ ಕಲ್ಲು, ಎರಡಡಿ ಚೌಕ. ಹುಡುಗರು ಕಲ್ಲು ಎಣಿಸಿ ಅಳತೆ ಹಾಕಿದ್ದರು. ಸಂದುಗಳು ಒಂದೇ ಸಮ ಇರುವುದಿಲ್ಲ. 12 ಮೀಟರ್ ಹೋಗುವಷ್ಟರಲ್ಲಿ 9 ಸೆಂಮೀ ವ್ಯತ್ಯಾಸ. ಇದು ರೇಡಿಯೊದ ತಪ್ಪಿನಷ್ಟೇ ದೊಡ್ಡದು. ಲೇಸರ್ ಮೀಟರ್ ತಂದು, ಕರ್ಣವನ್ನೂ ಅಳೆದು ಸರಿಮಾಡಿದ್ದಾಯಿತು: 12 × 8ಕ್ಕೆ ಕರ್ಣ 14.42 ಬರಲೇಬೇಕು.

ನಾಲ್ಕೂ ಆಂಕರ್ 2.4 ಮೀಟರ್ ಎತ್ತರದಲ್ಲಿವೆ. ಎಲ್ಲವೂ ಒಂದೇ ಮಟ್ಟದಲ್ಲಿದ್ದರೆ, ಸಮೀಕರಣ ಒಂದರಿಂದೊಂದು ಕಳೆದಾಗ ಎತ್ತರದ ಕಾಲಂ ಸೊನ್ನೆಯಾಗಿ ಮೂರು ಆಯಾಮದ ಲೆಕ್ಕ ಕೈಕೊಡುತ್ತದೆ. ಟ್ಯಾಗ್‌ನ ಎತ್ತರ 1.1 ಎಂದು ಕಟ್ಟಿಹಾಕಿ ಎರಡೇ ಆಯಾಮ ಬಿಡಿಸಿದೆವು.

ಟ್ಯಾಗ್ ಸೆಲ್ ಮೇಲೆ ಓಡಿಸಿದಾಗ ಹತ್ತು ನಿಮಿಷಕ್ಕೊಮ್ಮೆ ರೀಸೆಟ್. ಬೋರ್ಡಿನ ವೋಲ್ಟೇಜ್ ರೆಗ್ಯುಲೇಟರ್ ಎಎಂಎಸ್1117 ತಾನೇ ಒಂದು ವೋಲ್ಟಿನಷ್ಟು ನುಂಗುತ್ತದೆ, 3.7 ವೋಲ್ಟಿನ ಸೆಲ್‌ನಿಂದ 3.3 ಎಲ್ಲಿಂದ ಬಂದೀತು? ಮಾಡ್ಯೂಲ್ ಕೇಳಿಸಿಕೊಳ್ಳುವಾಗ 150 ಮಿಲಿಆಂಪ್ ಆಸುಪಾಸು ಎಳೆಯುತ್ತದೆ, ವೈಫೈ ಅದರ ಮೇಲೆ. ಕಡಿಮೆ ನುಂಗುವ ಎಂಇ6211 ಹಾಕಿ, ಮಾಡ್ಯೂಲ್ ಪಕ್ಕದಲ್ಲೇ 100 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಕೂರಿಸಿದ ಮೇಲೆ ನಿಂತಿತು.

ವಾರ 5. ನೈಋತ್ಯ ಮೂಲೆಯ ಆಂಕರ್ ಮಾತ್ರ 40–60 ಸೆಂಮೀ ಹೆಚ್ಚು ತೋರಿಸುತ್ತಿದೆ. ಅದರ ಮುಂದೆ ಕಬ್ಬಿಣದ ಬೀರು. ನೇರ ದಾರಿ ಮುಚ್ಚಿ, ಗೋಡೆಗೆ ಬಡಿದು ಬಂದ ಅಲೆಯನ್ನೇ ಚಿಪ್ ಮೊದಲನೆಯದೆಂದು ಎಣಿಸುತ್ತದೆ. ಹುಡುಗರ ಮೊದಲ ಸಲಹೆ ಕಾಲ್ಮನ್ ಫಿಲ್ಟರ್. ಬೇಡ: ಫಿಲ್ಟರ್ ನಡುಕ ನಿಲ್ಲಿಸುತ್ತದೆ, ಒಂದೇ ಕಡೆಗೆ ಎಳೆಯುವ ತಪ್ಪನ್ನು ನುಣ್ಣಗೆ ಮಾಡಿ ತೋರಿಸುತ್ತದೆ ಅಷ್ಟೆ. ಬದಲಿಗೆ ಒಟ್ಟು ಸಿಗ್ನಲ್ ಬಲಕ್ಕೂ ಮೊದಲ ಅಲೆಯ ಬಲಕ್ಕೂ ಇರುವ ಅಂತರ ಓದಿ. 6 ಡಿಬಿಗಿಂತ ಕಡಿಮೆ ಇದ್ದರೆ ದಾರಿ ಬಹುಶಃ ನೇರ. 10 ದಾಟಿದರೆ ಅಡ್ಡಿ ಇದೆ, ಆ ರೀಡಿಂಗ್‌ನ ತೂಕ ಇಳಿಸಿ. ಬೀರು ಸರಿಸಲು ಅನುಮತಿ ಸಿಗಲಿಲ್ಲ, ಆಂಕರನ್ನೇ ಒಂದೂವರೆ ಮೀಟರ್ ಪಕ್ಕಕ್ಕೆ ಸರಿಸಿದೆವು. ಟ್ಯಾಗ್ ಪ್ಯಾಂಟಿನ ಜೇಬಿನಲ್ಲಿಟ್ಟಾಗಲೂ ಇದೇ ಕಥೆ, ಮೈ ಅಂದರೆ ನೀರಿನ ಚೀಲ. ಈಗ ಟೋಪಿಯ ಮೇಲೆ, ಎತ್ತರ 1.7 ಎಂದು ಕೋಡ್‌ನಲ್ಲೂ ಬದಲಿಸಿದೆವು.

ಮುಂದಿನದು ಐದು ಟ್ಯಾಗ್. ಒಟ್ಟಿಗೆ ಕೂಗಿದರೆ ಯಾರದ್ದೂ ಕೇಳುವುದಿಲ್ಲ. ಒಂದು ಆಂಕರ್ ಜತೆ ಅಳತೆಗೆ 10 ಮಿಲಿಸೆಕೆಂಡ್, ನಾಲ್ಕಕ್ಕೆ 40, ಬಿಡುವು ಸೇರಿ ಒಬ್ಬರ ಸರದಿ 50. ಐದು ಟ್ಯಾಗ್‌ಗೆ 250, ಸೆಕೆಂಡಿಗೆ ನಾಲ್ಕು ಸಲ ಜಾಗ ಗೊತ್ತಾಗುತ್ತದೆ. ಸರದಿಯ ಗಂಟೆ ಹೊಡೆಯುವ ಕೆಲಸ ಆಂಕರ್ ಎ ಪಾಲಿಗೆ.